ಹೊಸ ಮೊಬೈಲಿನ ದೂರುಗಳು: ಎಣಿಸುವುದಕ್ಕಿಂತ ತೂಗುವುದು ಲೇಸು

ಹತ್ತಿ ಹಾಗೂ ತೊಗರಿಯ ಹಣ ರೈತರ ಕೈಸೇರುವ ದಿನಗಳಲ್ಲಿ ಯಾದಗಿರಿ, ಶಹಾಪುರ ಮತ್ತು ಸುರಪುರದ ಮೊಬೈಲ್ ಅಂಗಡಿಗಳಲ್ಲಿ ವ್ಯಾಪಾರ ಚುರುಕುಗೊಳ್ಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಗ್ರಾಹಕನೊಂದಿಗೆ ಒಂದು ಪ್ರಶ್ನೆಯೂ ಅಂಗಡಿಯ ಮೆಟ್ಟಿಲು ಹತ್ತುತ್ತಿದೆ: "ಈ ಮಾಡೆಲ್ ಭಾಳ ಬಿಸಿ ಆಗ್ತದಂತಲ್ರೀ, ಖರೇನಾ?" ಹೊಸ ಫೋನ್ ಮಾರುಕಟ್ಟೆಗೆ ಬಂದ ವಾರದೊಳಗೇ ಅಂತರ್ಜಾಲದಲ್ಲಿ ಹರಡುವ ದೂರುಗಳನ್ನು ಓದಿ ಗ್ರಾಹಕ ಅಳುಕುತ್ತಾನೆ. ಕೆಲವು ವರ್ತಕರು ಇದನ್ನು ಪ್ರತಿಸ್ಪರ್ಧಿಗಳ ಅಪಪ್ರಚಾರವೆಂದು ತಳ್ಳಿಹಾಕುತ್ತಾರೆ. ಕೆಲವು ಗ್ರಾಹಕರು ನಾಲ್ಕು ದೂರು ಕಂಡೊಡನೆ ಖರೀದಿಯನ್ನೇ ಕೈಬಿಡುತ್ತಾರೆ. ಎರಡೂ ನಿಲುವುಗಳು ಸರಿಯಲ್ಲ. ದೂರುಗಳ ಸಂಖ್ಯೆಯಿಂದ ಏನನ್ನೂ ನಿರ್ಧರಿಸಲಾಗದು. ದೂರು ಯಾವ ಬಗೆಯದು, ಅದಕ್ಕೆ ಪರಿಹಾರ ಎಷ್ಟು ದೂರದಲ್ಲಿದೆ ಎಂಬುದರಿಂದ ಮಾತ್ರ ನಿರ್ಧರಿಸಬಹುದು.

ಈ ವಿವೇಚನೆ ನಮ್ಮ ಭಾಗಕ್ಕೆ ಹೆಚ್ಚು ಅಗತ್ಯ. ಇಂದು ಸ್ಮಾರ್ಟ್‌ಫೋನ್ ಕೇವಲ ಮಾತಿನ ಸಾಧನವಲ್ಲ. ಯುಪಿಐ ಬಂದ ಮೇಲೆ ಅದು ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯೂ ಹೌದು, ರೈತನ ಬ್ಯಾಂಕ್ ಪುಸ್ತಕವೂ ಹೌದು. ಮಹಾನಗರದಲ್ಲಿ ಫೋನ್ ಕೆಟ್ಟರೆ ಅರ್ಧ ದಿನದ ತೊಂದರೆ. ಅಧಿಕೃತ ಸೇವಾ ಕೇಂದ್ರವಿಲ್ಲದ ಊರಿನಲ್ಲಿ ಅದೇ ಫೋನ್ ಕಲಬುರಗಿಗೋ ರಾಯಚೂರಿಗೋ ಹೋಗಿ, ಬಿಡಿಭಾಗಕ್ಕೆ ಕಾದು, ಮರಳಿ ಬರಲು ವಾರಗಳೇ ಹಿಡಿಯಬಹುದು. ಕಂತಿನಲ್ಲಿ ಕೊಂಡವನಿಗೆ ಫೋನ್ ಮೂಲೆಯಲ್ಲಿದ್ದರೂ ಕಂತು ತಪ್ಪುವುದಿಲ್ಲ. ಆತನ ಸಿಟ್ಟು ದೂರದ ಕಂಪೆನಿಯ ಮೇಲಲ್ಲ, ಎದುರಿಗಿರುವ ವರ್ತಕನ ಮೇಲೆ ತಿರುಗುತ್ತದೆ.

ಆರಂಭದ ದೂರು ಏಕೆ ದೊಡ್ಡದಾಗಿ ಕಾಣುತ್ತದೆ?

ಜನಪ್ರಿಯ ಮಾದರಿಯೊಂದು ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಲಕ್ಷಾಂತರ ಸಂಖ್ಯೆಯಲ್ಲಿ ಮಾರಾಟವಾಗುತ್ತದೆ. ಲಕ್ಷದಲ್ಲಿ ನೂರು ಫೋನ್ ಕೆಟ್ಟರೂ ಆ ನೂರು ಮಂದಿಯ ಧ್ವನಿ ಎಲ್ಲೆಡೆ ಕೇಳುತ್ತದೆ. ಉಳಿದ ತೊಂಬತ್ತೊಂಬತ್ತು ಸಾವಿರದ ಒಂಬೈನೂರು ಮಂದಿ ಸುಮ್ಮನಿರುತ್ತಾರೆ. ಯಂತ್ರದೊಂದಿಗೆ ಬದುಕುವ ತಯಾರಕರಿಗೆ ಇನ್ನೊಂದು ಸಂಗತಿಯೂ ಗೊತ್ತು. ಹತ್ತಿ ಜಿನ್ನಿಂಗ್ ಮಿಲ್ಲಿಗೆ ಹೊಸ ಯಂತ್ರ ಕೂರಿಸಿದಾಗ ಮೊದಲ ಕೆಲವು ವಾರಗಳಲ್ಲಿ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಬಳಿಕ ಅದು ಬಹುಕಾಲ ಸರಾಗವಾಗಿ ಓಡುತ್ತದೆ. ಸವೆದ ಮೇಲೆ ಮತ್ತೆ ತಕರಾರು ಶುರುವಾಗುತ್ತದೆ. ಫೋನಿನದೂ ಇದೇ ನಡೆ. ಆದ್ದರಿಂದ ಮೊದಲ ತಿಂಗಳ ದೂರುಗಳನ್ನು ನೋಡಿ ಆ ಮಾದರಿಯ ಪೂರ್ಣ ಆಯುಷ್ಯವನ್ನು ಅಳೆಯಲಾಗದು.

ಹಾಗೆಂದು, ಕಡಿಮೆ ದೂರುಗಳಿದ್ದರೆ ಭಯವಿಲ್ಲವೆಂದೂ ಹೇಳುವಂತಿಲ್ಲ. ಇದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು.

2007ರ ಆಗಸ್ಟ್‌ನಲ್ಲಿ ನೋಕಿಯಾ ಕಂಪೆನಿಯು ತನ್ನ ಬಿಎಲ್-5ಸಿ ಬ್ಯಾಟರಿಗಳ ಬಗ್ಗೆ ಎಚ್ಚರಿಕೆ ನೀಡಿತು. ಜಪಾನಿನ ಮತ್ಸುಶಿತಾ ಸಂಸ್ಥೆಯು 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ತಯಾರಿಸಿದ್ದ 4.6 ಕೋಟಿ ಬ್ಯಾಟರಿಗಳು ಚಾರ್ಜ್ ಆಗುವಾಗ ಅತಿಯಾಗಿ ಬಿಸಿಯಾಗುವ ಸಂಭವವಿತ್ತು. ಜಗತ್ತಿನಾದ್ಯಂತ ವರದಿಯಾಗಿದ್ದ ಪ್ರಕರಣಗಳು ಸುಮಾರು ನೂರು ಮಾತ್ರ. ಅಂದರೆ ಹತ್ತು ಲಕ್ಷ ಬ್ಯಾಟರಿಗಳಿಗೆ ಎರಡೋ ಮೂರೋ. ಆದರೂ ಭಾರತದಲ್ಲಿ ಫೋನ್ ಸಿಡಿಯುತ್ತದೆಂಬ ವದಂತಿ ಹಬ್ಬಿ, ಸೇವಾ ಕೇಂದ್ರಗಳ ಮುಂದೆ ಜನ ನೆರೆದರು. ಆತಂಕವನ್ನು ತಣಿಸಿದ್ದು ಸಮಾಧಾನದ ಮಾತಲ್ಲ. ಬ್ಯಾಟರಿಯ ಹಿಂಬದಿಯ ಗುರುತಿನ ಸಂಖ್ಯೆಯನ್ನು ಪರೀಕ್ಷಿಸಿ, ದೋಷದ ತಂಡಕ್ಕೆ ಸೇರಿದ್ದನ್ನು ಉಚಿತವಾಗಿ ಬದಲಿಸುವ ವ್ಯವಸ್ಥೆಯೇ ಅದನ್ನು ತಣಿಸಿತು.

2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನಿಗೆ ಬೆಂಕಿ ಹತ್ತಿದ ದೂರುಗಳು ಬಂದವು. ಸೆಪ್ಟೆಂಬರ್ 2ರಂದು ಕಂಪೆನಿ ಸುಮಾರು 25 ಲಕ್ಷ ಫೋನುಗಳನ್ನು ಹಿಂದಕ್ಕೆ ಕರೆದಾಗ ಅದು ಲೆಕ್ಕಕ್ಕೆ ಕೊಟ್ಟಿದ್ದು 35 ಪ್ರಕರಣಗಳನ್ನು ಮಾತ್ರ. ಬದಲಿಯಾಗಿ ಕೊಟ್ಟ ಫೋನುಗಳೂ ಹೊತ್ತಿಕೊಂಡಾಗ ಅಕ್ಟೋಬರ್‌ನಲ್ಲಿ ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. ಇಬ್ಬರು ಪೂರೈಕೆದಾರರ ಬ್ಯಾಟರಿಗಳಲ್ಲಿದ್ದ ಬೇರೆ ಬೇರೆ ದೋಷಗಳೇ ಕಾರಣವೆಂದು 2017ರ ಜನವರಿಯಲ್ಲಿ ಕಂಪೆನಿ ಪ್ರಕಟಿಸಿತು. ಇಲ್ಲಿ 35 ಎಂಬ ಸಣ್ಣ ಸಂಖ್ಯೆಯನ್ನು ಕಡೆಗಣಿಸಿದ್ದರೆ ಪ್ರಾಣಕ್ಕೇ ಅಪಾಯವಿತ್ತು.

ಸ್ಥಳ ಬದಲಾದರೆ ದೋಷದ ತೂಕವೂ ಬದಲು

2010ರಲ್ಲಿ ಆ್ಯಪಲ್ ಕಂಪೆನಿಯ ಐಫೋನ್ 4 ಬಂದಾಗ, ಅದನ್ನು ಒಂದು ರೀತಿಯಲ್ಲಿ ಹಿಡಿದರೆ ಸಿಗ್ನಲ್ ಕುಸಿಯುತ್ತದೆಂಬ ಕೂಗು ಎದ್ದಿತು. ಆಂಟೆನಾ ಕುರಿತು ದೂರಿತ್ತವರು ಕೊಂಡವರ ಪೈಕಿ ಶೇಕಡಾ 0.55ರಷ್ಟು ಮಾತ್ರವೆಂದು ಕಂಪೆನಿ ಹೇಳಿತು. ಆದರೂ ಎಲ್ಲರಿಗೂ ಉಚಿತವಾಗಿ ಹೊದಿಕೆಯನ್ನು ನೀಡಿತು. ಬಲವಾದ ಸಿಗ್ನಲ್ ಇರುವ ನಗರದಲ್ಲಿ ಇಂಥ ದೋಷ ಅನುಭವಕ್ಕೇ ಬರದಿರಬಹುದು. ಗೋಪುರ ದೂರವಿರುವ ಹಳ್ಳಿಯ ಹೊಲದಲ್ಲಿ ಅದೇ ದೋಷದಿಂದ ಕರೆ ಕಡಿದುಹೋಗುತ್ತದೆ. ನಗರದ ಗ್ರಾಹಕ "ಏನೂ ತೊಂದರೆಯಿಲ್ಲ" ಎಂದರೆ ಅದು ಸುರಪುರ ತಾಲ್ಲೂಕಿನ ರೈತನಿಗೆ ಪ್ರಮಾಣವಾಗಲಾರದು.

ಬಿಸಿಯ ದೂರಿಗೂ ಇದೇ ಮಾತು ಅನ್ವಯಿಸುತ್ತದೆ. ಆ್ಯಪಲ್ ತನ್ನ ಫೋನುಗಳನ್ನು ಬಳಸಲು ಸೂಚಿಸುವ ಸುತ್ತಲಿನ ಉಷ್ಣಾಂಶ 0ಯಿಂದ 35 ಡಿಗ್ರಿ ಸೆಲ್ಸಿಯಸ್. ಯಾದಗಿರಿ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಹಗಲು 40 ಡಿಗ್ರಿಯನ್ನು ದಾಟುತ್ತದೆ. ಬಿಸಿಲಿನಲ್ಲಿ ನಿಂತ ಮೋಟಾರ್ ಸೈಕಲ್ಲಿನ ಪೆಟ್ಟಿಗೆಯಲ್ಲಿಟ್ಟ ಫೋನ್ ಬಿಸಿಯಾದರೆ ಅದನ್ನು ತಯಾರಿಕೆಯ ದೋಷವೆನ್ನಲಾಗದು. ಆದರೆ ತಂಪು ಪ್ರದೇಶದ ಗ್ರಾಹಕರೂ ಬಿಸಿಯ ಬಗ್ಗೆ ದೂರುತ್ತಿದ್ದರೆ, ಆ ಮಾದರಿ ನಮ್ಮ ಬೇಸಿಗೆಯಲ್ಲಿ ಮತ್ತಷ್ಟು ಬಳಲುವುದು ನಿಶ್ಚಿತ. ಅಂಥ ದೂರನ್ನು ಇಲ್ಲಿ ಇಮ್ಮಡಿ ತೂಕದಲ್ಲಿ ನೋಡಬೇಕು.

ಮೂರು ಬಗೆಯ ದೂರುಗಳು

ವ್ಯವಹಾರದ ಅನುಕೂಲಕ್ಕಾಗಿ ದೂರುಗಳನ್ನು ಮೂರಾಗಿ ವಿಂಗಡಿಸಬಹುದು. ಮೊದಲನೆಯದು ತಂತ್ರಾಂಶದ ದೋಷ: ಕ್ಯಾಮೆರಾ ತಡವರಿಸುವುದು, ಆ್ಯಪ್ ತಾನಾಗಿ ಮುಚ್ಚಿಕೊಳ್ಳುವುದು ಇತ್ಯಾದಿ. ಇವು ಬಹುಮಟ್ಟಿಗೆ ಮುಂದಿನ ಅಪ್‌ಡೇಟ್‌ನೊಂದಿಗೆ ಸರಿಹೋಗುತ್ತವೆ; ಒಂದೆರಡು ತಿಂಗಳು ಕಾದು ಕೊಂಡರೆ ಚಿಂತೆಯಿಲ್ಲ. ಎರಡನೆಯದು ಬಿಡಿಭಾಗದ ದೋಷ: ಪರದೆ, ಮೈಕ್, ಚಾರ್ಜಿಂಗ್ ಪಿನ್ ಮುಂತಾದವು. ಬೇರೆ ಬೇರೆ ಊರಿನವರು ಒಂದೇ ದೋಷವನ್ನು ಒಂದೇ ರೀತಿಯಲ್ಲಿ ವರ್ಣಿಸುತ್ತಿದ್ದರೆ ಅದು ಆಕಸ್ಮಿಕವಲ್ಲ, ವಿನ್ಯಾಸದ್ದೋ ತಯಾರಿಕೆಯದೋ ಕೊರತೆಯೆಂದು ತಿಳಿಯಬೇಕು. ಮೂರನೆಯದು ಸುರಕ್ಷತೆಗೆ ಸಂಬಂಧಿಸಿದ್ದು: ಬ್ಯಾಟರಿ ಉಬ್ಬುವುದು, ಹೊಗೆ, ಬೆಂಕಿ. ಇಲ್ಲಿ ಸಂಖ್ಯೆಯ ಪ್ರಶ್ನೆಯೇ ಏಳಬಾರದು. ತನ್ನ ಅಂಗಡಿಯಲ್ಲಿ ಮಾರಿದ ಒಂದೇ ಒಂದು ಫೋನಿನ ಬ್ಯಾಟರಿ ಉಬ್ಬಿದರೂ ವರ್ತಕನು ವಿತರಕರಿಗೆ ಲಿಖಿತವಾಗಿ ತಿಳಿಸಿ, ಉತ್ತರ ಬರುವವರೆಗೆ ಆ ಮಾದರಿಯ ಮಾರಾಟವನ್ನು ತಡೆಹಿಡಿಯುವುದು ವಿವೇಕ.

ದೂರಿಗಿಂತಲೂ ಮುಖ್ಯವಾದುದು ದೂರಿಗೆ ಕಂಪೆನಿ ಕೊಡುವ ಉತ್ತರ. ಕೆಲವು ದುಬಾರಿ ಫೋನುಗಳ ಪರದೆಯ ಮೇಲೆ ಹಸಿರು ಗೆರೆ ಮೂಡುವ ದೋಷ ಭಾರತದಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡಾಗ ಅನೇಕರ ವಾರಂಟಿ ಮುಗಿದೇ ಹೋಗಿತ್ತು. ದೂರುಗಳು ಒಟ್ಟುಗೂಡಿದ ಫಲವಾಗಿ 2024ರಲ್ಲಿ ಒನ್‌ಪ್ಲಸ್ ಕಂಪೆನಿಯು ಭಾರತದಲ್ಲಿ ಈ ದೋಷಕ್ಕೆ ಆಜೀವ ವಾರಂಟಿಯನ್ನು ಘೋಷಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ದಕ್ಷಿಣ ಭಾರತದ ಸಂಘಟಿತ ಚಿಲ್ಲರೆ ಮಾರಾಟಗಾರರ ಸಂಘವು, ಲಾಭಾಂಶ ಕಡಿಮೆ, ವಾರಂಟಿ ದಾವೆಗಳು ವಿಳಂಬವಾಗುತ್ತಿವೆ ಎಂದು ಆಕ್ಷೇಪಿಸಿ, ಮೇ 1ರಿಂದ ಅದೇ ಕಂಪೆನಿಯ ಸರಕನ್ನು ಮಾರುವುದಿಲ್ಲವೆಂದು ಪತ್ರ ಬರೆದಿತ್ತು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಸುಮಾರು 4,500 ಮಳಿಗೆಗಳು ಈ ಸಂಘದ ವ್ಯಾಪ್ತಿಯಲ್ಲಿದ್ದವು. ಗ್ರಾಹಕನಂತೆ ವರ್ತಕನೂ ದೂರುದಾರನೇ, ಮತ್ತು ಒಗ್ಗೂಡಿ ನೀಡಿದ ದೂರಿಗೆ ಬೆಲೆಯಿದೆ ಎಂಬುದಕ್ಕೆ ಇವು ಸಾಕ್ಷಿ.

ಕಾಯ್ದೆ ಏನು ಹೇಳುತ್ತದೆ?

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಪ್ರತಿಯೊಬ್ಬ ವರ್ತಕನೂ ಅರಿತಿರಬೇಕು. ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷಪೂರಿತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಹಾಗೆಯೇ. "ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ" ಎಂಬ ಫಲಕ ಇಲ್ಲಿ ರಕ್ಷಣೆ ನೀಡದು. ತಯಾರಕರ ವಾರಂಟಿಯನ್ನು ಮೀರಿ ಮಾರಾಟಗಾರ ತಾನೇ ಸ್ಪಷ್ಟ ಭರವಸೆ ನೀಡಿದ್ದರೆ, ಅಥವಾ ಅಪಾಯದ ಕುರಿತು ತಯಾರಕರು ಕೊಟ್ಟ ಎಚ್ಚರಿಕೆಯನ್ನು ಗ್ರಾಹಕನಿಗೆ ತಲುಪಿಸದಿದ್ದರೆ, ಅದರಿಂದಾದ ಹಾನಿಗೆ ಆತನೂ ಹೊಣೆಗಾರನಾಗಬಹುದು. ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಕಾಲಾವಕಾಶ ಎರಡು ವರ್ಷ. "ಏನೂ ಆಗೋದಿಲ್ಲ, ನಾ ಇದೀನಲ್ರೀ" ಎಂಬ ಮಾತನ್ನು ಆಡುವ ಮೊದಲು ಇವನ್ನೆಲ್ಲ ನೆನೆಯಬೇಕು.

ದೋಷವನ್ನು ಬಾಯಿಬಿಟ್ಟು ಹೇಳಿದರೆ ವ್ಯಾಪಾರ ಕೈತಪ್ಪುತ್ತದೆಂಬ ಆಕ್ಷೇಪ ಸಹಜ. ಆ ದಿನದ ಒಂದು ಮಾರಾಟ ತಪ್ಪಬಹುದು, ನಿಜ. ಆದರೆ ಆನ್‌ಲೈನ್ ಮಾರಾಟದ ರಿಯಾಯಿತಿಯೊಂದಿಗೆ ಬೆಲೆಯಲ್ಲಿ ಪೈಪೋಟಿ ನಡೆಸಲಾಗದ ಊರಿನ ವರ್ತಕನಿಗೆ ಉಳಿದಿರುವ ಬಂಡವಾಳ ನಂಬಿಕೆಯೊಂದೇ. ಈ ಮಾದರಿ ಈ ಬಿಸಿಲಿಗೆ ಒಗ್ಗದು, ಇನ್ನೊಂದನ್ನು ನೋಡಿ ಎಂದು ಹೇಳಬಲ್ಲ ಅಂಗಡಿಗೆ ಗ್ರಾಹಕ ಮತ್ತೆ ಬರುತ್ತಾನೆ, ತನ್ನ ಬೀಗರನ್ನೂ ಕರೆತರುತ್ತಾನೆ.

ಹಾಗೆ ಹೇಳಲು ಬಾಯಿಮಾತಿನ ನೆನಪು ಸಾಲದು, ದಾಖಲೆ ಬೇಕು. ಪ್ರತಿ ಅಂಗಡಿಯಲ್ಲಿಯೂ ಒಂದು ದೂರು ಪುಸ್ತಕವಿರಲಿ: ಮಾದರಿಯ ಹೆಸರು, ಮಾರಿದ ದಿನಾಂಕ, ದೂರಿನ ಸ್ವರೂಪ, ಸೇವಾ ಕೇಂದ್ರಕ್ಕೆ ಕಳಿಸಿದ ದಿನ, ಮರಳಿ ಬಂದ ದಿನ, ಫಲಿತಾಂಶ. ಗ್ರಾಹಕರ ಹೆಸರಿನ ಅಗತ್ಯವಿಲ್ಲ. ಮೂರೂ ಪಟ್ಟಣಗಳ ವರ್ತಕರು ತಿಂಗಳಿಗೊಮ್ಮೆ ಈ ವಿವರಗಳನ್ನು ವಾಣಿಜ್ಯ ಸಂಸ್ಥೆಯ ಮೂಲಕ ಒಟ್ಟುಗೂಡಿಸಿದರೆ, ಯಾವ ಮಾದರಿ ಇಲ್ಲಿ ಬಾಳುತ್ತದೆ, ಯಾವ ಕಂಪೆನಿ ಎಷ್ಟು ದಿನಗಳಲ್ಲಿ ರಿಪೇರಿ ಮಾಡಿಕೊಡುತ್ತದೆ ಎಂಬುದು ಒಂದು ವರ್ಷದೊಳಗೆ ತಿಳಿಯುತ್ತದೆ. ವಿತರಕರೊಡನೆ ಸೇವಾ ಕೇಂದ್ರಕ್ಕಾಗಿ ಒತ್ತಾಯಿಸುವಾಗ ಈ ಅಂಕಿ-ಅಂಶಕ್ಕಿಂತ ಬಲವಾದ ವಾದ ಬೇರಿಲ್ಲ. ಮುಂದಿನ ಹತ್ತಿ-ತೊಗರಿಯ ಸುಗ್ಗಿಗೆ ಮೊದಲೇ ಈ ಪುಸ್ತಕ ತೆರೆಯುವುದು ಒಳಿತು.