ಬ್ಯಾಂಜೊದ ಪಹಣಿ ಯಾರ ಹೆಸರಲ್ಲಿದೆ?

ಅಮೆರಿಕದ ಹಳೆಯ ಹಳ್ಳಿ ಸಂಗೀತ ಎಂದ ಕೂಡಲೇ ಸಿನಿಮಾಗಳು ಕಲಿಸಿಕೊಟ್ಟ ಒಂದೇ ಚಿತ್ರ ಕಣ್ಣಿಗೆ ಬರುತ್ತದೆ: ಅಪಲೇಶಿಯನ್ ಬೆಟ್ಟದ ಮರದ ಮನೆ, ಜಗಲಿಯಲ್ಲಿ ಕೂತ ಗಡ್ಡದ ಬಿಳಿಯ ರೈತ, ಅವನ ತೊಡೆಯ ಮೇಲೊಂದು ಬ್ಯಾಂಜೊ. ಮನೆ ನಿಜ, ಜಗಲಿ ನಿಜ, ರೈತನೂ ನಿಜ. ಬ್ಯಾಂಜೊ ಆ ತೊಡೆಗೆ ಬಂದದ್ದು ಎಲ್ಲಿಂದ ಎಂಬುದನ್ನು ಮಾತ್ರ ಚಿತ್ರ ಹೇಳುವುದಿಲ್ಲ. 2005ರಲ್ಲಿ ರಿಯಾನನ್ ಗಿಡೆನ್ಸ್, ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್ ಎಂಬ ಮೂವರು ಕಪ್ಪುವರ್ಣೀಯ ಕಲಾವಿದರು ನಾರ್ತ್ ಕೆರೊಲಿನಾದಲ್ಲಿ ಇದೇ ಹಳ್ಳಿ ಸಂಗೀತ ನುಡಿಸುವ 'ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್' ತಂಡ ಕಟ್ಟಿದರು. ಸತ್ತ ಸಂಗೀತವನ್ನು ಬದುಕಿಸಿದರು ಎಂದು ಆ ತಂಡವನ್ನು ಹೊಗಳುವುದು ವಾಡಿಕೆ. ಈ ಹೊಗಳಿಕೆ ಗುರಿ ತಪ್ಪಿದೆ. ಆ ಸಂಗೀತ ಸತ್ತಿರಲಿಲ್ಲ. ಅದನ್ನು ನುಡಿಸುವ ಸಾವಿರಾರು ಜನ ಇದ್ದರು, ವರ್ಷವರ್ಷವೂ ಸ್ಪರ್ಧೆಗಳು ನಡೆಯುತ್ತಿದ್ದವು. ಹೊಲ ಹಸಿರಾಗಿಯೇ ಇತ್ತು. ಪಹಣಿಯಲ್ಲಿ ಉಳುವವರ ಕಾಲಂ ಖಾಲಿ ಇತ್ತು. ತಂಡ ತುಂಬಿದ್ದು ಆ ಕಾಲಂ. ಅದರ ಮಹತ್ವ ಇರುವುದೂ ಅಲ್ಲೇ ಎಂಬುದು ನನ್ನ ವಾದ.

ಮೊದಲು ವಾದ್ಯದ ಮಾತು. ನಮ್ಮ ಕಡೆ ಮೆರವಣಿಗೆಯಲ್ಲಿ ಬೆಂಜೊ ಎಂದು ಕರೆಯುವ, ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ್ ಇದಲ್ಲ; ಅದರ ಮೂಲ ಜಪಾನಿನದು. ಅಮೆರಿಕದ ಬ್ಯಾಂಜೊ ಎಂದರೆ ಚರ್ಮ ಬಿಗಿದ ದುಂಡನೆಯ ಒಡಲು, ಉದ್ದನೆಯ ಹಿಡಿಕೆ, ಐದು ತಂತಿ. ಐದನೆಯದು ಗಿಡ್ಡ ತಂತಿ, ಹಿಡಿಕೆಯ ನಡುವಿನಿಂದಲೇ ಶುರುವಾಗುತ್ತದೆ. ಹಳೆಯ ಕ್ರಮದಲ್ಲಿ ನುಡಿಸುವವರು ತಂತಿಯನ್ನು ಮೇಲಕ್ಕೆ ಎಳೆದು ಮೀಟುವುದಿಲ್ಲ. ಬೆರಳಿನ ಉಗುರು ಮೇಲಿಂದ ಕೆಳಕ್ಕೆ ಬಡಿಯುತ್ತದೆ. ಅದೇ ಹೊತ್ತಿಗೆ ಹೆಬ್ಬೆರಳು ಗಿಡ್ಡ ತಂತಿಗೆ ಆತುಕೊಂಡು, ಕೈ ಎದ್ದಾಗ ಅದನ್ನು ಮಿಡಿದು ಬಿಡುತ್ತದೆ. ಎತ್ತರದ ಆ ಒಂದೇ ಸ್ವರ ಶ್ರುತಿಯಂತೆ ಮತ್ತೆ ಮತ್ತೆ ಕೇಳಿಸುತ್ತಲೇ ಇರುತ್ತದೆ. ಪಶ್ಚಿಮ ಆಫ್ರಿಕಾದ ಸೆನೆಗಲ್, ಗ್ಯಾಂಬಿಯಾಗಳ ಜೋಲಾ ಜನರ ಅಕೋಂಟಿಂಗ್ ಎಂಬ ಮೂರು ತಂತಿಯ ಸೋರೆಬುರುಡೆ ವಾದ್ಯದಲ್ಲಿಯೂ ಇದೇ ಗಿಡ್ಡ ತಂತಿ, ಇದೇ ಉಗುರಿನ ಏಟು. ಜಮೈಕಾಕ್ಕೆ ಹೋಗಿದ್ದ ವೈದ್ಯ ಹ್ಯಾನ್ಸ್ ಸ್ಲೋನ್ 1707ರ ತನ್ನ ಪುಸ್ತಕದಲ್ಲಿ ಗುಲಾಮರ ಬುರುಡೆ ವಾದ್ಯಗಳ ಚಿತ್ರ ಹಾಕಿಸಿದ್ದಾನೆ. ನೂರಾರು ಗುಲಾಮರ ಒಡೆಯನಾಗಿದ್ದ ಥಾಮಸ್ ಜೆಫರ್ಸನ್ ಕೂಡ ಈ ವಾದ್ಯ ಆಫ್ರಿಕಾದಿಂದ ಬಂದದ್ದೆಂದು ಬರೆದಿಟ್ಟಿದ್ದಾನೆ. ಹದಿನೆಂಟನೆಯ ಶತಮಾನದಲ್ಲಿ ಯಾರಿಗೂ ಇದರ ಬಗ್ಗೆ ಅನುಮಾನ ಇರಲಿಲ್ಲ. ಮರೆವು ಆಮೇಲೆ ಬಂತು, ತಾನಾಗಿ ಬರಲಿಲ್ಲ. 1840ರ ದಶಕದಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು, ಬ್ಯಾಂಜೊ ಹಿಡಿದು, ಗುಲಾಮರನ್ನು ಅಣಕಿಸುವ ಆಟಗಳನ್ನು ಊರೂರಿಗೆ ಒಯ್ದರು. ಆ ಅವಮಾನ ಅಂಟಿದ ವಾದ್ಯವನ್ನು ಕಪ್ಪು ಕಲಾವಿದರಲ್ಲಿ ಅನೇಕರು ಕ್ರಮೇಣ ಕೈಬಿಟ್ಟರೆಂದರೆ ಅದರಲ್ಲಿ ಆಶ್ಚರ್ಯವೇನಿದೆ?

ಉಳಿದ ಕೆಲಸವನ್ನು ಗ್ರಾಮಫೋನ್ ವ್ಯಾಪಾರ ಮಾಡಿತು. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ದಕ್ಷಿಣದ ರಾಜ್ಯಗಳಿಗೆ ಬಂದಾಗ ಹಳ್ಳಿಯ ಕುಣಿತಗಳಲ್ಲಿ ಕಪ್ಪು, ಬಿಳಿ ಎರಡೂ ಕಡೆಯ ವಾದಕರು ಒಂದೇ ಮಟ್ಟುಗಳನ್ನು ನುಡಿಸುತ್ತಿದ್ದರು. ಅಂಗಡಿಗೆ ಅದು ಒಗ್ಗಲಿಲ್ಲ. ಕೊಲಂಬಿಯಾ ಕಂಪನಿ ಕಪ್ಪು ಗಿರಾಕಿಗಳಿಗೆಂದು 14000ದ ಸಾಲಿನ ಸಂಖ್ಯೆಗಳನ್ನೂ, ಬಿಳಿಯರ ಹಳೆಯ ಹಾಡುಗಳಿಗೆಂದು 15000ದ ಸಾಲನ್ನೂ ಬೇರೆಬೇರೆ ಮಾಡಿತು. ಮೊದಲ ಸಾಲಿಗೆ ಬ್ಲೂಸ್ ಬೇಕಿತ್ತು, ಎರಡನೆಯದಕ್ಕೆ ಪಿಟೀಲು ಮತ್ತು ಬ್ಯಾಂಜೊ. ಪಿಟೀಲು ಹಿಡಿದು ಬಂದ ಕಪ್ಪು ವಾದಕ ಈ ಎರಡಕ್ಕೂ ಸರಿಯಾಗಿ ಹೊಂದುತ್ತಿರಲಿಲ್ಲ. ಅಂಥವರ ರೆಕಾರ್ಡುಗಳು ತೀರ ಕಡಿಮೆ. ನನ್ನ ಮಟ್ಟಿಗೆ ಇಡೀ ಕಥೆಯ ಕೀಲಿ ಇಲ್ಲಿದೆ. 1958ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ 'ನ್ಯೂ ಲಾಸ್ಟ್ ಸಿಟಿ ರ‍್ಯಾಂಬ್ಲರ್ಸ್' ತಂಡದವರು ಆ ರೆಕಾರ್ಡುಗಳನ್ನು ಮುಂದಿಟ್ಟುಕೊಂಡು, ಒಂದೊಂದು ಎಳೆಯನ್ನೂ ಬಿಡದೆ ಹಳೆಯ ಶೈಲಿಯನ್ನು ಕಲಿತರು. ಅವರ ನಿಷ್ಠೆ ದೊಡ್ಡದು; ಅವರಲ್ಲೊಬ್ಬರಾದ ಮೈಕ್ ಸೀಗರ್, ಎಲಿಜಬೆತ್ ಕಾಟನ್‌ರಂಥ ಕಪ್ಪು ಕಲಾವಿದೆಯನ್ನು ರೆಕಾರ್ಡ್ ಮಾಡಿ ಲೋಕಕ್ಕೆ ತೋರಿಸಿದವರು. ಆದರೆ ಆ ರೆಕಾರ್ಡುಗಳ ಪಟ್ಟಿಯನ್ನು ವಿಂಗಡಿಸಿದ್ದು ಮಾರಾಟಗಾರ. ಪಟ್ಟಿಗೆ ಎಷ್ಟು ನಿಷ್ಠರಾಗಿದ್ದರೂ ಅಲ್ಲಿ ಇಲ್ಲದವರ ಹೆಸರು ಸಿಗುವುದಿಲ್ಲ.

ಚಾಕೊಲೇಟ್ ಡ್ರಾಪ್ಸ್‌ನ ಮೂವರು ಹೋದದ್ದು ಪಟ್ಟಿಯ ಕಡೆಗಲ್ಲ, ಮನುಷ್ಯನ ಕಡೆಗೆ. ಮೆಬಿನ್ ಎಂಬ ಸಣ್ಣ ಪಟ್ಟಣದಲ್ಲಿ ಜೋ ಥಾಂಪ್ಸನ್ ಎಂಬ ವೃದ್ಧ ಪಿಟೀಲುವಾದಕ ಇದ್ದರು. 1918ರಲ್ಲಿ ಹುಟ್ಟಿದವರು, ಪೀಠೋಪಕರಣದ ಕಾರ್ಖಾನೆಯಲ್ಲಿ ದುಡಿದವರು. ಮೆಕ್ಕೆಜೋಳದ ತೆನೆ ಸುಲಿಯುವ ಮುಯ್ಯಾಳಿನ ಕೆಲಸ ಮುಗಿದ ರಾತ್ರಿ, ಮನೆಯ ಸಾಮಾನು ಪಕ್ಕಕ್ಕೆ ಸರಿಸಿ ನಡೆಯುತ್ತಿದ್ದ ಕುಣಿತಗಳಿಗೆ ಅವರ ಮನೆತನ ನುಡಿಸುತ್ತಿತ್ತು. ಕಪ್ಪು ನೆರೆಯವರಿಗೂ ಬಿಳಿಯ ನೆರೆಯವರಿಗೂ. ಗುರುವಾರ ಸಂಜೆಗಳಲ್ಲಿ ಮೂವರೂ ಅಲ್ಲಿಗೆ ಹೋಗುತ್ತಿದ್ದರು. ಪಾಠ ಎಂಬುದೇನೂ ಇರಲಿಲ್ಲ. ಹಿರಿಯರು ನುಡಿಸುತ್ತ ಹೋದಂತೆ ಕಿರಿಯರು ಹಿಂದೆ ಬಿದ್ದು ಹಿಡಿಯಬೇಕು, ಅಷ್ಟೆ. ಅಲ್ಲಿ ಕಲಿತವರು ವೇದಿಕೆಯ ಮೇಲೆ ಒಂದೊಂದು ಮಟ್ಟಿಗೂ ಅದು ಯಾರಿಂದ ಬಂತೆಂದು ಹೇಳಿ ನುಡಿಸಿದರು. ಗ್ರ‍್ಯಾಮಿ ಪ್ರಶಸ್ತಿ ಪಡೆದ 2010ರ ಆಲ್ಬಮ್ಮಿನಲ್ಲಿ ಇದಕ್ಕೊಂದು ಒಳ್ಳೆಯ ಸಾಕ್ಷಿಯಿದೆ. ಮಸಿಮುಖದ ಆಟದ ಪ್ರಸಿದ್ಧ ನಟ ಡ್ಯಾನ್ ಎಮೆಟ್‌ನ ಹೆಸರಿನಲ್ಲಿ ಉಳಿದುಬಂದ ಒಂದು ಮಟ್ಟು ಅದು. ಒಹಾಯೊದಲ್ಲಿ ಅವನ ನೆರೆಯಲ್ಲಿದ್ದ ಸ್ನೋಡೆನ್ ಎಂಬ ಕಪ್ಪು ಸಂಗೀತಗಾರರ ಕುಟುಂಬದಿಂದ ಅವನು ಅದನ್ನು ಕಲಿತಿರಬೇಕೆಂದು ಸಂಶೋಧಕರು ವಾದಿಸಿದ್ದಾರೆ. ತಂಡ ಆ ಮಟ್ಟಿಗೆ 'ಸ್ನೋಡೆನ್ಸ್ ಜಿಗ್' ಎಂದು ಹೆಸರಿಟ್ಟು, ಹಳೆಯ ಹೆಸರನ್ನು ಅಳಿಸದೆ ಪಕ್ಕದಲ್ಲೇ ಇಟ್ಟಿತು. ಖಾತೆ ತಿದ್ದುವಾಗ ಹಳೆಯ ನಮೂದನ್ನು ಹರಿದು ಹಾಕದೆ ಉಳಿಸಿಕೊಳ್ಳುವ ಕ್ರಮ ಇದು. ನನಗೆ ತುಂಬ ಹಿಡಿಸಿದ ಸಂಗತಿ.

ಸಂಗೀತಕ್ಕೆ ಬಣ್ಣದ ಲೆಕ್ಕ ಯಾಕೆ, ಅದು ಎಲ್ಲರದಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಒಳ್ಳೆಯದೇ. ಪಿಟೀಲು ಯುರೋಪಿನದು, ಬ್ಯಾಂಜೊ ಆಫ್ರಿಕಾದ್ದು, ಎಷ್ಟೋ ಮಟ್ಟುಗಳು ಸ್ಕಾಟ್ಲೆಂಡ್, ಐರ್ಲೆಂಡ್‌ನವು, ಎಲ್ಲ ಕಲಸಿಹೋಗಿವೆ. ಆದರೆ ಕಲಸಿದ್ದನ್ನು ಒಬ್ಬರ ಹೆಸರಿಗೇ ಬರೆದುಕೊಂಡ ಮೇಲೆ, ಇನ್ನೊಬ್ಬರು ಪಾಲು ಕೇಳಿದಾಗಷ್ಟೇ 'ಇದು ಎಲ್ಲರದು' ಎನ್ನುವುದು ಯಾವ ನ್ಯಾಯ? ಈ ತಂಡ ಕೇಳಿದ್ದು ಜಂಟಿ ಖಾತೆ. ಬಿಳಿಯ ವಾದಕರು ವಾದ್ಯ ಕೆಳಗಿಡಲಿ ಎಂದು ಅದು ಹೇಳಲಿಲ್ಲ. ಜೋ ಥಾಂಪ್ಸನ್‌ರ ಕೈಯಲ್ಲೇ ಎರಡೂ ದಡದ ಮಟ್ಟುಗಳಿದ್ದವು. ಇನ್ನು ಅಪ್ಪಟತನದ ಆಕ್ಷೇಪವನ್ನು ನಾನು ಹೆಚ್ಚು ಲೆಕ್ಕಕ್ಕಿಡುವುದಿಲ್ಲ. ಗಿಡೆನ್ಸ್ ಓಬರ್ಲಿನ್ ಕಾಲೇಜಿನಲ್ಲಿ ಒಪೆರಾ ಕಲಿತವರು, ಫ್ಲೆಮನ್ಸ್ ಅರಿಜೋನದವರು, ತಂಡ ಬ್ಲೂ ಕ್ಯಾಂಟ್ರೆಲ್‌ರ 2001ರ ಜನಪ್ರಿಯ ಹಾಡನ್ನೂ ಪಿಟೀಲಿಗೆ ಹೊಂದಿಸಿತು ಎಂಬುದೆಲ್ಲ ನಿಜ. ಹಳ್ಳಿಯ ವಾದಕರೂ ತಮ್ಮ ಕಾಲದಲ್ಲಿ ಕಿವಿಗೆ ಬಿದ್ದ ಹೊಸದನ್ನೆಲ್ಲ ಎತ್ತಿಕೊಂಡವರೇ.

ಗಟ್ಟಿಯಾದ ಆಕ್ಷೇಪ ಬೇರೆಯದು. ಹೆಸರು ತಿದ್ದಿದಿರಿ ಸರಿ, ಹೊಲಕ್ಕೆ ಯಾರು ಬಂದರು? ಇಂಥ ಸಂಗೀತದ ಸಭೆಗಳಲ್ಲಿ ಕೂರುವವರು ಬಹುಪಾಲು ಬಿಳಿಯರು, ಟಿಕೆಟ್ ಕೊಂಡು ಕುರ್ಚಿಯಲ್ಲಿ ಕೂತು ಕೇಳುವವರು. ಇದನ್ನು ತಳ್ಳಿಹಾಕಲು ನನ್ನಲ್ಲಿ ಉತ್ತರವಿಲ್ಲ. ಹೆಸರು ಸೇರಿದ ಮೇಲೆ ಕೆಲವು ಬಾಗಿಲು ತೆರೆದವು ಎಂದಷ್ಟೇ ಹೇಳಬಲ್ಲೆ. 2019ರಲ್ಲಿ ನಾಲ್ವರು ಕಪ್ಪು ಮಹಿಳೆಯರು ಬ್ಯಾಂಜೊ ಹಿಡಿದು 'ಅವರ್ ನೇಟಿವ್ ಡಾಟರ್ಸ್' ಎಂಬ ತಂಡವಾಗಿ ಆಲ್ಬಮ್ ಹೊರತಂದರು. 2024ರಲ್ಲಿ ಬಿಯಾನ್ಸೆ 'ಟೆಕ್ಸಾಸ್ ಹೋಲ್ಡ್ ಎಮ್' ಹಾಡಿನಿಂದ ಬಿಲ್‌ಬೋರ್ಡ್‌ನ ಕಂಟ್ರಿ ಹಾಡುಗಳ ಪಟ್ಟಿಯ ತುದಿಗೇರಿದ ಮೊದಲ ಕಪ್ಪು ಮಹಿಳೆಯಾದರು. ಆ ಹಾಡು ತೆರೆದುಕೊಳ್ಳುವುದೇ ಗಿಡೆನ್ಸ್ ನುಡಿಸಿದ ಬ್ಯಾಂಜೊದಿಂದ. ಕಿವಿಗಳು ಹೆಚ್ಚಾದವು, ಕಾಲುಗಳು ಬರಲಿಲ್ಲ. ಕುಣಿತಕ್ಕೆಂದು ಹುಟ್ಟಿದ ಮಟ್ಟಿಗೆ ಮುಯ್ಯಾಳಿನ ಹೊಲ, ಕತ್ತಲಲ್ಲಿ ನಡೆದು ಬರುವ ನೆರೆಹೊರೆ ಬೇಕು. ಅವನ್ನು ಯಾವ ತಂಡವೂ ಕಟ್ಟಿಕೊಡಲಾರದು. ಜೋ ಥಾಂಪ್ಸನ್ 2012ರಲ್ಲಿ ತೀರಿಕೊಂಡರು. ಗಿಡೆನ್ಸ್ ಮತ್ತು ರಾಬಿನ್ಸನ್ ಮತ್ತೆ ಜೊತೆಯಾಗಿ 2025ರಲ್ಲಿ ಹೊರತಂದ ಆಲ್ಬಮ್ಮಿನ ಕೆಲವು ಮಟ್ಟುಗಳನ್ನು ಅವರ ಮನೆಯ ಬಳಿ, ಬಯಲಿನಲ್ಲೇ ಕೂತು ರೆಕಾರ್ಡ್ ಮಾಡಿದ್ದಾರೆ. ಪಿಟೀಲು ಮತ್ತು ಬ್ಯಾಂಜೊಗಳ ಹಿಂದೆ ಹಕ್ಕಿಗಳ ದನಿ, ಜೀರುಂಡೆಗಳ ಸದ್ದು ಕೇಳಿಸುತ್ತದೆ. ಕುಣಿಯಲು ಬಂದ ನೆರೆಯವರು ಯಾರೂ ಇಲ್ಲ.