ಹತ್ತಕ್ಕೆ ಮೂರು ಎಂದರೆ ಫೇಲ್ ಅಲ್ಲ

ನಮ್ಮ ಕಾಲೇಜು ಬೇಸ್‌ಬಾಲ್ ಹುಡುಗರು ಹತ್ತು ಸಲ ಬ್ಯಾಟ್ ಹಿಡಿದರೆ ಮೂರು ಸಲವೂ ಹೊಡೆಯುವುದಿಲ್ಲ, ಇಡೀ ಋತು ದಂಡ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಕ್ರಿಕೆಟ್ ಕಣ್ಣಿನಿಂದ ಅಂಕಪಟ್ಟಿ ಓದಿದರೆ ಹೀಗೇ ಆಗುವುದು. ಅಮೆರಿಕದ ವೃತ್ತಿಪರ ಲೀಗಿನಲ್ಲೇ ಹತ್ತಕ್ಕೆ ಮೂರು ಹಿಟ್ ಎಂದರೆ ಒಳ್ಳೆಯ ಬ್ಯಾಟರ್. ಆ ಲೀಗಿನ ಬ್ಯಾಟರ್ ಟೆಡ್ ವಿಲಿಯಮ್ಸ್ 1941ರಲ್ಲಿ .406 ಸರಾಸರಿ ಗಳಿಸಿದ್ದನ್ನು ಇಂದಿಗೂ ಕೊಂಡಾಡುತ್ತಾರೆ. ಅಂದರೆ ಆತನೂ ಹತ್ತರಲ್ಲಿ ಸುಮಾರು ಆರು ಸಲ ವಿಫಲ!

ಇನ್ನು ಆ ಸರಾಸರಿಯಲ್ಲಿ ಕಾಣದ್ದು ಬಹಳ. ಕೆಟ್ಟ ಎಸೆತಗಳನ್ನು ಬಿಟ್ಟು ‘ವಾಕ್’ ಪಡೆದು ಬೇಸ್ ಸೇರಿದವನಿಗೆ ಅಲ್ಲಿ ಲೆಕ್ಕವೇ ಇಲ್ಲ. ಚೆಂಡನ್ನು ಮೆಲ್ಲಗೆ ತಟ್ಟಿ, ತಾನು ಔಟಾಗಿ, ಜೊತೆಗಾರನನ್ನು ಮುಂದಿನ ಬೇಸಿಗೆ ದಾಟಿಸಿದವನಿಗೂ ಇಲ್ಲ. ನಾಲ್ಕೈದು ಪಂದ್ಯಗಳ ಕಾಲೇಜು ಋತುವಿನಲ್ಲಿ ಒಂದೇ ಮಧ್ಯಾಹ್ನ ಸರಾಸರಿಯನ್ನು ತಲೆಕೆಳಗು ಮಾಡುತ್ತದೆ.

‘ಪರದೇಶದ ಆಟ ನಮಗೇಕೆ’ ಎಂಬ ಲೇಖಕರ ಪ್ರಶ್ನೆ ಬೇರೆ. ಕ್ರಿಕೆಟ್ ಏನು ನಮ್ಮ ಹೈದರಾಬಾದಿನ ಮೂಸಿ ನದಿಯ ದಡದಲ್ಲಿ ಹುಟ್ಟಿತೇ? ಜಾವೆಲಿನ್ ಎಸೆಯುತ್ತಿದ್ದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ನಮ್ಮ ದೇಶದ ಹುಡುಗರೇ 2008ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡವರು. ನಿಜವಾದ ತೊಂದರೆ ಜಾಗದ್ದು. ಚೆಂಡೆಸೆಯುವ ಪಿಚರ್ ನಿಲ್ಲಬೇಕಾದ್ದು ಬ್ಯಾಟರ್ ಪಕ್ಕದ ಹೋಮ್ ಪ್ಲೇಟಿನಿಂದ 18.44 ಮೀಟರ್ ದೂರದ ಮಣ್ಣಿನ ದಿಬ್ಬದ ಮೇಲೆ. ಸನತ್‌ನಗರದಂಥ ಕಾರ್ಖಾನೆ ಬಡಾವಣೆಯಲ್ಲಿ ಕ್ರಿಕೆಟ್ ಹುಡುಗರ ನಡುವೆ ಆ ದಿಬ್ಬಕ್ಕೆ ಜಾಗ ಯಾರು ಕೊಡುತ್ತಾರೆ? ಲೇಖಕರು ಅದನ್ನಾದರೂ ಕೇಳಬಹುದಿತ್ತು.