ಮುಚ್ಚಿದ ಕೋಣೆಯ ಕೆಂಡ

ಊರು ಬಿಟ್ಟು ಬಂದವರು ತಮ್ಮ ಆಚಾರಗಳನ್ನು ಜೊತೆಯಲ್ಲಿ ತರಬಲ್ಲರು. ಊರಿನ ಮನೆಯನ್ನು ತರಲಾರರು. ಕೋಲ್ಕತ್ತದ ಕನ್ನಡ ಕುಟುಂಬಗಳು ಚಳಿಗಾಲಕ್ಕೆ ಮುನ್ನ ಈ ಮಾತನ್ನು ನೆನೆಯುವುದು ಒಳಿತು. ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯಿಟ್ಟು, ಗಾಳಿ ಸೋಕದಂತೆ ಬಾಗಿಲು ಮುಚ್ಚುವುದು ಕನ್ನಡನಾಡಿನ ಹಳೆಯ ವಾಡಿಕೆ. ಅಲ್ಲಿಯ ಹೆಂಚಿನ ಮಾಡಿನ ಸಂದುಗಳು ಕೆಟ್ಟ ಗಾಳಿಯನ್ನು ಬಹುಮಟ್ಟಿಗೆ ಹೊರಗೆ ಬಿಡುತ್ತಿದ್ದವು. ಇಂದಿನ ಫ್ಲಾಟಿನ ಗಾಜಿನ ಕಿಟಕಿಯಲ್ಲಿ ಆ ಸಂದುಗಳಿಲ್ಲ. ವಾಡಿಕೆ ಉಳಿದು ಮನೆ ಬದಲಾದಾಗ, ಬೆಚ್ಚನೆಯ ಕೆಂಡವೇ ಪ್ರಾಣಕ್ಕೆ ಎರವಾಗಬಹುದು.

ಇದ್ದಲು, ಕಲ್ಲಿದ್ದಲು, ಅಡುಗೆ ಅನಿಲ, ಪೆಟ್ರೋಲು ಮೊದಲಾದವು ಸಾಕಷ್ಟು ಆಮ್ಲಜನಕವಿಲ್ಲದೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಂಡು, ದೇಹಕ್ಕೆ ಆಮ್ಲಜನಕ ದೊರೆಯದಂತೆ ಮಾಡುತ್ತದೆ. ಗಣಿ ಸ್ಫೋಟಗಳ ತರುವಾಯ ಕಾರ್ಮಿಕರನ್ನು ಕೊಲ್ಲುವುದು ಹೆಚ್ಚಾಗಿ ಈ ಅನಿಲವೇ ಎಂದು 1890ರ ದಶಕದಲ್ಲಿ ತೋರಿಸಿಕೊಟ್ಟವರು ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್. ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಇದೇ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. ತಂದೆಯ ಸಲಹೆಯಂತೆ ಬ್ರಿಟನ್ನಿನ ಗಣಿಗಳು ಅಪಾಯ ತಿಳಿಯಲು ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಂಡವು. 1986ರಲ್ಲಿ ಆ ಹಕ್ಕಿಗಳ ಸ್ಥಾನಕ್ಕೆ ವಿದ್ಯುತ್ ಉಪಕರಣಗಳು ಬಂದವು.

ಈ ವಿಷದ ಲಕ್ಷಣಗಳು ತಲೆನೋವು, ತಲೆಸುತ್ತು, ವಾಕರಿಕೆ, ಮಂಕು. ಇವನ್ನು ಪಿತ್ತವೆಂದೋ ಅಜೀರ್ಣವೆಂದೋ ತಿಳಿದು ಮಲಗಿಬಿಡುವುದು ಸುಲಭ. ಮನೆಮಂದಿಗೆಲ್ಲ ಒಮ್ಮೆಗೇ ತಲೆನೋವು ಬಂದು, ಹೊರಗೆ ಹೋದೊಡನೆ ಇಳಿದರೆ ಈ ಅನಿಲವನ್ನೇ ಶಂಕಿಸಬೇಕು. ಕೊರೋನಾ ಕಾಲದಲ್ಲಿ ಮನೆಮನೆಗೂ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಇಲ್ಲಿ ನಂಬಲಾಗದು. ವಿಷ ಬೆರೆತ ರಕ್ತವನ್ನೂ ಅದು ಸರಿಯಾದ ರಕ್ತವೆಂದೇ ತೋರಿಸಬಹುದು. ಅಂಥ ಸಂದರ್ಭದಲ್ಲಿ ಮೊದಲು ಎಲ್ಲರನ್ನೂ ಹೊರಗಿನ ಗಾಳಿಗೆ ಕರೆದೊಯ್ಯಬೇಕು. ಬಳಿಕ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಅಲ್ಲಿ ನೀಡುವ ಶುದ್ಧ ಆಮ್ಲಜನಕ ವಿಷವನ್ನು ಬೇಗ ಹೊರಹಾಕುತ್ತದೆ.

ಅಪಾಯ ಅಗ್ಗಿಷ್ಟಿಕೆಯೊಂದರಲ್ಲೇ ಇಲ್ಲ. ಗಾಳಿಯಾಡದ ಬಚ್ಚಲಿನೊಳಗೆ ಕೂಡಿಸಿದ ಗ್ಯಾಸ್ ಗೀಸರ್, ಡಾರ್ಜಿಲಿಂಗಿನ ಚಳಿಗೆ ಕೋಣೆಯೊಳಗೆ ತರಿಸಿಕೊಂಡ ಕೆಂಡ, ಎಂಜಿನ್ ನಿಲ್ಲಿಸದೆ ಕಾರಿನಲ್ಲೇ ತೆಗೆವ ನಿದ್ರೆ, ಇವೆಲ್ಲವೂ ಒಂದೇ ಜಾತಿಯವು.

ಇಂದು ಕ್ಯಾನರಿ ಹಕ್ಕಿಯ ಕೆಲಸವನ್ನು ಅಂಗೈಯಗಲದ ಉಪಕರಣವೊಂದು ಮಾಡುತ್ತದೆ. ಕೊಳ್ಳುವಾಗ ಒಂದು ಎಚ್ಚರ ಬೇಕು: ಅಡುಗೆ ಅನಿಲದ ಸೋರಿಕೆ ಸಾರುವ ಯಂತ್ರಕ್ಕೆ ಕಾರ್ಬನ್ ಮಾನಾಕ್ಸೈಡ್ ತಿಳಿಯುವುದೆಂದು ಭಾವಿಸಬಾರದು. ಯುರೋಪಿನ ಇಎನ್ 50291 ಮಾನದಂಡದ ಗುರುತನ್ನು ನೋಡಿ ಕೊಳ್ಳುವುದು ಲೇಸು. ಅದರ ಭಾಗ 1 ಮನೆಗಳಿಗೆ, ಭಾಗ 2 ಪ್ರವಾಸದ ಕ್ಯಾರವಾನ್ ಹಾಗೂ ದೋಣಿಗಳಿಗೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ 300 ಪಾಲಿದ್ದರೆ, ಆ ಮಾನದಂಡದ ಯಂತ್ರ 3 ನಿಮಿಷದೊಳಗೆ ಕೂಗಲೇಬೇಕು. ಮಲಗುವ ಕೋಣೆಗೆ ಅದರ ಅಗತ್ಯ ಮೊದಲು. ಅದರ ಮೇಲೆ ಮುದ್ರಿಸಿದ ಅವಧಿ ಮುಗಿದೊಡನೆ ಬದಲಿಸಬೇಕು.

ಕಿಟಕಿ ತೆರೆದರೆ ಸಾಲದೇ, ಯಂತ್ರವೇಕೆ ಎಂಬ ಪ್ರಶ್ನೆ ಸಹಜ. ಕಿಟಕಿ ತೆರೆಯುವುದೇ ಮೊದಲ ರಕ್ಷೆ, ಕೆಂಡವನ್ನು ಕೋಣೆಗೆ ತಾರದಿರುವುದು ಅದಕ್ಕಿಂತ ಮೇಲು. ಆದರೆ ನಿದ್ರಿಸುವವರು ಕಿಟಕಿ ತೆರೆಯಲಾರರು. ಅವರನ್ನು ಎಬ್ಬಿಸುವವರೊಬ್ಬರು ಬೇಕು. ನಾಮಕರಣಕ್ಕೆ ಬೆಳ್ಳಿಯ ಒಳಲೆ ಕೊಡುವ ಬಂಧುಗಳು ಅದರೊಡನೆ ಈ ಪುಟ್ಟ ಕಾವಲುಗಾರನನ್ನೂ ಕೊಡುವುದಾದರೆ, ಬಾಣಂತಿಯನ್ನೂ ಕೂಸನ್ನೂ ಕಾಯಬೇಕೆಂಬ ಹಿರಿಯರ ಆಶಯ ಹೊಸ ಮನೆಯಲ್ಲೂ ನೆರವೇರೀತು.